972 ದಿನಕ್ಕೊಮ್ಮೆ ಬರುವ ಗ್ರಹಣ: ಉಡುಪಿಯ ಒಂದು ವಿದ್ಯಾರ್ಥಿ ಪ್ರಾಜೆಕ್ಟ್‌ನ ಪ್ರಕರಣ ಅಧ್ಯಯನ

ಉಡುಪಿ ಹತ್ತಿರದ ಒಂದು ಕಾಲೇಜಿನ ಬಿಎಸ್ಸಿ ವಿದ್ಯಾರ್ಥಿನಿ 2025ರ ಮೊದಲ ತಿಂಗಳುಗಳಲ್ಲಿ ಝೀಟಾ ಅರಿಗೇ ಎಂಬ ಜೋಡಿ ನಕ್ಷತ್ರದ ಗ್ರಹಣವನ್ನು ಕ್ಯಾಮೆರಾದಲ್ಲಿ ಅಳೆಯಲು ಮಾಡಿದ ಪ್ರಾಜೆಕ್ಟ್ ಒಂದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಆಕೆಯ ಹೆಸರು, ಕಾಲೇಜು, ಮನೆ ಇರುವ ಜಾಗ ಎಲ್ಲವನ್ನೂ ಬಿಟ್ಟಿದ್ದೇನೆ. ಬರೆಯಲು ಆಕೆಯ ಮತ್ತು ಆಕೆಯ ಮಾರ್ಗದರ್ಶಕರ ಒಪ್ಪಿಗೆ ಇದೆ. ನಾನು ಆ ಕಾಲೇಜಿನವನಲ್ಲ. ನಕ್ಷತ್ರಗಳ ಬೆಳಕು ಅಳೆಯುವ ಹವ್ಯಾಸ ಇರುವುದರಿಂದ ಅವರ ಜೊತೆ ಸೇರಿಕೊಂಡೆ. ಕರಾವಳಿಯಲ್ಲಿ ಇಂಥ ಕೆಲಸ ಆಗುವುದೇ ಇಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಆಗುತ್ತದೆ. ಹೇಗೆ ಆಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಎನ್ನುವುದು ಮುಂದೆ ಮಾಡುವವರಿಗೆ ಗೊತ್ತಿರಬೇಕು.

ಹಿನ್ನೆಲೆ

ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ ಎಂದುಕೊಳ್ಳಿ. ಅವುಗಳ ಕಕ್ಷೆ ನಮ್ಮ ಕಣ್ಣಿನ ನೇರಕ್ಕೆ ಇದ್ದರೆ, ಸುತ್ತುವಾಗ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಆಗ ಒಟ್ಟು ಬೆಳಕು ಕಡಿಮೆ ಆಗುತ್ತದೆ. ಇವೇ ಗ್ರಹಣದ ಜೋಡಿ ನಕ್ಷತ್ರಗಳು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಆಲ್ಗಾಲ್ ಹಿಡಿಯುತ್ತಾರೆ. ಅದಕ್ಕೆ ಎರಡು ದಿನ ಇಪ್ಪತ್ತೊಂದು ಗಂಟೆಗೊಮ್ಮೆ ಗ್ರಹಣ. ಇವತ್ತು ತಪ್ಪಿದರೆ ಈ ವಾರವೇ ಇನ್ನೊಂದು ಸಿಗುತ್ತದೆ.

ಈ ವಿದ್ಯಾರ್ಥಿನಿಗೆ ಅದು ಬೇಡವಾಗಿತ್ತು. ಆಕೆ ಎಪ್ಸಿಲಾನ್ ಅರಿಗೇ ಬಗ್ಗೆ ಓದಿದ್ದಳು. ವಿಜಯಸಾರಥಿ ನಕ್ಷತ್ರಪುಂಜದಲ್ಲಿ, ಬ್ರಹ್ಮಹೃದಯದ ಪಕ್ಕದಲ್ಲೇ ಇರುವ ನಕ್ಷತ್ರ ಅದು. 27 ವರ್ಷಕ್ಕೊಮ್ಮೆ ಗ್ರಹಣ, ಅದೂ ಎರಡು ವರ್ಷದಷ್ಟು ಉದ್ದ. ಇದರ ಬೆಳಕು ಬದಲಾಗುವುದನ್ನು ಜರ್ಮನಿಯ ಯೋಹಾನ್ ಫ್ರಿಟ್ಶ್ 1821ರಲ್ಲೇ ಗಮನಿಸಿದ್ದರು. ಮರೆಮಾಡುತ್ತಿರುವುದು ಏನು ಎಂಬ ಪ್ರಶ್ನೆ ಮಾತ್ರ ಹಲವು ತಲೆಮಾರು ಹಾಗೇ ಉಳಿದಿತ್ತು. 2009ರಿಂದ 2011ರವರೆಗಿನ ಗ್ರಹಣದಲ್ಲಿ ಅಮೆರಿಕದ ಚಾರಾ ದೂರದರ್ಶಕ ಜಾಲ ತೆಗೆದ ಚಿತ್ರಗಳಲ್ಲಿ ಒಂದು ಕಪ್ಪು ಧೂಳಿನ ತಟ್ಟೆ ನಕ್ಷತ್ರದ ಎದುರು ಸರಿಯುವುದು ಕಾಣಿಸಿತು. ಇದನ್ನು ಓದಿದ ಯಾರಿಗಾದರೂ ಆ ನಕ್ಷತ್ರದ ಮೇಲೆ ಆಸೆ ಆಗುವುದು ಸಹಜ ಅಲ್ವಾ.

ತೊಂದರೆ ಒಂದೇ. ಅದರ ಮುಂದಿನ ಗ್ರಹಣ 2036ಕ್ಕೆ ಶುರುವಾಗುತ್ತದೆ.

ಆಯ್ಕೆ ಬದಲಾದದ್ದು

ಮೊದಲ ತಿರುವು ಇಲ್ಲಿಯೇ. ಮಾರ್ಗದರ್ಶಕರು ಆಲ್ಗಾಲ್‌ಗೆ ವಾಪಸ್ ಹೋಗು ಎಂದರು. ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಸೆಮಿಸ್ಟರ್ ಮುಗಿಯುವುದರೊಳಗೆ ವರದಿ ಕೊಡಬೇಕು. ಆದರೆ ವಿದ್ಯಾರ್ಥಿನಿಯ ಪ್ರಶ್ನೆಯೂ ನ್ಯಾಯವಾದದ್ದೇ ಆಗಿತ್ತು. ಉದ್ದ ಅವಧಿಯ, ಅಂದರೆ ಒಂದು ಸುತ್ತಿಗೆ ತುಂಬಾ ಕಾಲ ಹಿಡಿಯುವ ಜೋಡಿಗಳಲ್ಲೇ ಹೊಸದು ಕಲಿಯಲು ಜಾಸ್ತಿ ಇದೆ, ಅವನ್ನು ನೋಡುವವರೇ ಕಡಿಮೆ, ಹಾಗಾದರೆ ಅವನ್ನು ಬಿಡುವುದು ಯಾಕೆ?

ಆಕೆಯ ಮಾತಿನಲ್ಲಿ ಹುರುಳಿದೆ. ಅವಧಿ ಉದ್ದ ಇದ್ದರೆ ಎರಡು ನಕ್ಷತ್ರಗಳ ನಡುವೆ ಅಂತರವೂ ಜಾಸ್ತಿ. ಹತ್ತಿರದ ಜೋಡಿಗಳಲ್ಲಿ ಒಂದರ ವಸ್ತುವನ್ನು ಇನ್ನೊಂದು ಎಳೆದುಕೊಂಡು ಎರಡೂ ಕೆಡುತ್ತವೆ. ದೂರದ ಜೋಡಿಗಳಲ್ಲಿ ಒಂದು ನಕ್ಷತ್ರ ತನ್ನ ಪಾಡಿಗೆ ಉಬ್ಬಿ ದೈತ್ಯ ಆಗಲು ಜಾಗ ಇರುತ್ತದೆ. ಆ ದೈತ್ಯದ ಹಿಂದೆ ಚಿಕ್ಕ ಬಿಸಿ ನಕ್ಷತ್ರ ಹೋಗುವಾಗ, ಅದರ ಬೆಳಕು ದೈತ್ಯದ ಹೊರ ವಾತಾವರಣವನ್ನು ತೂರಿಕೊಂಡು ನಮ್ಮ ಕಡೆ ಬರುತ್ತದೆ. ದೈತ್ಯ ನಕ್ಷತ್ರದ ವಾತಾವರಣವನ್ನು ಪದರ ಪದರವಾಗಿ ನೋಡಲು ಇಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆವು. ಉದ್ದ ಅವಧಿಯ ಯಾವ ಜೋಡಿಗೆ ಈ ಸೆಮಿಸ್ಟರ್‌ನಲ್ಲೇ ಗ್ರಹಣ ಇದೆ? ವಿವಿ ಸೆಫೈಗೆ 20 ವರ್ಷ, ಅದರ ಗ್ರಹಣ 2017–19ರಲ್ಲಿ ಮುಗಿದಿತ್ತು. 31 ಸಿಗ್ನೈಗೆ ಹತ್ತು ವರ್ಷಕ್ಕೂ ಜಾಸ್ತಿ. ಕೊನೆಗೆ ಎಪ್ಸಿಲಾನ್‌ನ ಪಕ್ಕದಲ್ಲೇ, ಮೂರು ಡಿಗ್ರಿಯೊಳಗೆ, ಝೀಟಾ ಅರಿಗೇ ಸಿಕ್ಕಿತು. ಅವಧಿ 972 ದಿನ. ಗ್ರಹಣ ಒಟ್ಟು ಸುಮಾರು 40 ದಿನ. ಲೆಕ್ಕದ ಪ್ರಕಾರ 2025ರ ಫೆಬ್ರವರಿ 20ರ ಆಸುಪಾಸು ಶುರು, ಮಾರ್ಚ್ ಕೊನೆಗೆ ಅಂತ್ಯ.

ಈ 972ರಲ್ಲಿ ಕರಾವಳಿಯವರು ಗಮನಿಸಬೇಕಾದ ಒಂದು ವಿಷಯ ಇದೆ. ಮೂರು ಸುತ್ತು ಸೇರಿದರೆ 2,916 ದಿನ, ಅಂದರೆ ಎಂಟು ವರ್ಷಕ್ಕೆ ಐದಾರು ದಿನ ಕಡಿಮೆ. ಆದ್ದರಿಂದ ಈಗಿನ ಕಾಲದಲ್ಲಿ ಗ್ರಹಣ ಮೂರೇ ಋತುಗಳಲ್ಲಿ ಸರದಿಯಂತೆ ಬರುತ್ತದೆ. 2011 ನವೆಂಬರ್, 2014 ಜುಲೈ, 2017 ಮಾರ್ಚ್. ಮತ್ತೆ 2019 ನವೆಂಬರ್, 2022 ಜುಲೈ, 2025 ಮಾರ್ಚ್. ಜುಲೈ ಗ್ರಹಣ ನಮಗೆ ಇಲ್ಲವೇ ಇಲ್ಲ. ಆಗ ಆ ನಕ್ಷತ್ರ ಬೆಳಗಿನ ಜಾವಕ್ಕೆ ಮೂಡುತ್ತದೆ, ಉಡುಪಿಯಲ್ಲಿ ಆಟಿ ತಿಂಗಳ ಮಳೆ. ಮಾರ್ಚ್ ಗ್ರಹಣವೇ ನಮಗೆ ಒಳ್ಳೆಯದು. ಕತ್ತಲಾಗುವ ಹೊತ್ತಿಗೆ ವಿಜಯಸಾರಥಿ ವಾಯವ್ಯದಲ್ಲಿ ಇನ್ನೂ ಎತ್ತರದಲ್ಲಿ ಇರುತ್ತದೆ. ಇದನ್ನು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆ ಮಾರ್ಗದರ್ಶಕರು ಒಪ್ಪಿದರು.

ಸಮಸ್ಯೆ

ಒಪ್ಪಿಗೆ ಸಿಕ್ಕಿದ ಮೇಲೆ ನಿಜವಾದ ಕಷ್ಟ ಎದುರಾಯಿತು. ಝೀಟಾ ಅರಿಗೇಯಲ್ಲಿ ದೊಡ್ಡದು ಕಿತ್ತಳೆ ಬಣ್ಣದ ದೈತ್ಯ. ಅದರ ಅಗಲ ಸೂರ್ಯನ ನೂರು ಪಟ್ಟಿಗೂ ಎಷ್ಟೋ ಜಾಸ್ತಿ. ಚಿಕ್ಕದು ನೀಲಿ ಬಣ್ಣದ ಬಿಸಿ ನಕ್ಷತ್ರ, ಸೂರ್ಯನ ಕೆಲವೇ ಪಟ್ಟು. ರಥಬೀದಿಯಲ್ಲಿ ಬ್ರಹ್ಮರಥದ ಹಿಂದೆ ಟಾರ್ಚ್ ಹಿಡಿದವನೊಬ್ಬ ದಾಟಿ ಹೋದರೆ ಎಷ್ಟು ವ್ಯತ್ಯಾಸ ಆದೀತು? ಬರಿಗಣ್ಣಿಗೆ ಇಲ್ಲೂ ಅಷ್ಟೇ. ಹಸಿರು–ಹಳದಿ ಬೆಳಕಿನಲ್ಲಿ ಇಳಿಕೆ ಒಂದು ಮ್ಯಾಗ್ನಿಟ್ಯೂಡ್‌ನ ಹತ್ತರಲ್ಲಿ ಒಂದೆರಡು ಭಾಗ ಮಾತ್ರ. ಮ್ಯಾಗ್ನಿಟ್ಯೂಡ್ ಎಂದರೆ ನಕ್ಷತ್ರದ ಪ್ರಕಾಶದ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಪ್ರಕಾಶ ಜಾಸ್ತಿ. ಅಭ್ಯಾಸ ಇರುವ ಕಣ್ಣಿಗೂ ಹತ್ತರಲ್ಲಿ ಒಂದು ಭಾಗವೇ ಮಿತಿ. ಜೊತೆಗೆ ಕೆಂಪು, ಕಿತ್ತಳೆ ನಕ್ಷತ್ರಗಳನ್ನು ದಿಟ್ಟಿಸಿ ನೋಡಿದಷ್ಟೂ ಅವು ಪ್ರಕಾಶ ಜಾಸ್ತಿ ಆದಂತೆ ಕಾಣುತ್ತವೆ. ಆದ್ದರಿಂದ ಕಣ್ಣಿನ ಅಂದಾಜನ್ನು ಮೊದಲೇ ಬಿಟ್ಟೆವು.

ಉಳಿದದ್ದು ಡಿಎಸ್ಎಲ್ಆರ್ ಕ್ಯಾಮೆರಾ. ಆಕೆಯ ಅಣ್ಣನ ಹಳೆಯ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್, ಒಂದು ಟ್ರೈಪಾಡ್. ದೂರದರ್ಶಕ ಬೇಕಾಗಿರಲಿಲ್ಲ. ಇಷ್ಟು ಪ್ರಕಾಶದ ನಕ್ಷತ್ರಕ್ಕೆ ದೂರದರ್ಶಕ ಇದ್ದರೆ ಕಷ್ಟವೇ ಜಾಸ್ತಿ, ಹೋಲಿಕೆಗೆ ಬೇಕಾದ ಪಕ್ಕದ ನಕ್ಷತ್ರ ಚೌಕಟ್ಟಿನೊಳಗೆ ಸಿಗುವುದಿಲ್ಲ. 50 ಎಂಎಂ ಚೌಕಟ್ಟಿನಲ್ಲಿ ಝೀಟಾ, ಅದರಿಂದ ಒಂದು ಡಿಗ್ರಿಗೂ ಕಡಿಮೆ ದೂರದ ಈಟಾ, ಸ್ವಲ್ಪ ಆಚೆಗೆ ಲ್ಯಾಂಬ್ಡಾ, ಮೇಲೆ ಎಪ್ಸಿಲಾನ್, ಬ್ರಹ್ಮಹೃದಯ ಎಲ್ಲವೂ ಬರುತ್ತವೆ.

ಈಟಾ ಇಷ್ಟು ಹತ್ತಿರ ಇರುವುದು ಕರಾವಳಿಯವರಿಗೆ ದೊಡ್ಡ ಅನುಕೂಲ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಸಂಜೆ ಮಬ್ಬು ಜಾಸ್ತಿ. ಆದರೆ ಪಕ್ಕಪಕ್ಕದ ಎರಡು ನಕ್ಷತ್ರಗಳ ಬೆಳಕನ್ನು ಆ ಮಬ್ಬು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುತ್ತದೆ. ಎರಡರ ವ್ಯತ್ಯಾಸ ತೆಗೆದರೆ ಮಬ್ಬು ಬಹುಪಾಲು ಲೆಕ್ಕದಿಂದ ಹೊರಗೆ ಹೋಗುತ್ತದೆ.

ಮಾಡಿದ್ದು, ಆದದ್ದು

ಜನವರಿ ಕೊನೆಯಿಂದ ಆಕೆ ಮನೆಯ ತಾರಸಿಯಿಂದ ಚಿತ್ರ ತೆಗೆಯತೊಡಗಿದಳು. ಗ್ರಹಣಕ್ಕೆ ಮೊದಲಿನ ಬೆಳಕು ಎಷ್ಟು ಎಂದು ಗೊತ್ತಾಗಬೇಕಲ್ಲ. ಪೇಟೆಯ ಬೆಳಕು ಪೂರ್ವಕ್ಕೆ, ನಕ್ಷತ್ರ ಉತ್ತರದ ಕಡೆಗೆ, ಮುಂದೆ ವಾಯವ್ಯಕ್ಕೆ, ಅದು ಅನುಕೂಲವೇ ಆಯಿತು. ಆದರೆ ಪಕ್ಕದ ಮೈದಾನದಲ್ಲಿ ಒಂದು ರಾತ್ರಿ ವಾಲಿಬಾಲ್, ಇನ್ನೊಂದು ರಾತ್ರಿ ಯಕ್ಷಗಾನ ಬಯಲಾಟ. ಮೇ ಕೊನೆಗೆ ಬರುವ ಪತ್ತನಾಜೆವರೆಗೂ ನಮ್ಮಲ್ಲಿ ಇದು ಇದ್ದದ್ದೇ. ಫ್ಲಡ್‌ಲೈಟ್ ನೇರ ಲೆನ್ಸ್‌ಗೆ ಬೀಳದಂತೆ ನೀರಿನ ಟ್ಯಾಂಕಿನ ಮರೆಯಲ್ಲಿ ಟ್ರೈಪಾಡ್ ಇಟ್ಟರೆ ಸಾಕಾಗುತ್ತಿತ್ತು. ಇಬ್ಬನಿಗೆ ಲೆನ್ಸ್ ಮಂಜಾಗುವುದು ಅದಕ್ಕಿಂತ ದೊಡ್ಡ ಕಾಟ. ಒಂಬತ್ತು ಗಂಟೆಯೊಳಗೆ ಮುಗಿಸುವುದೇ ಅದಕ್ಕೆ ಔಷಧಿ ಎಂದು ಬೇಗನೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಗ್ರಹಣ ಶುರುವಾಗುವ ವಾರಕ್ಕೆ ಸರಿಯಾಗಿ ಇಂಟರ್ನಲ್ ಪರೀಕ್ಷೆ ಬಂತು. ಗ್ರಹಣಕ್ಕೆ ಮೊದಲಿನ ಒಂದು ಒಳ್ಳೆಯ ರಾತ್ರಿ ಇತ್ತು, ಆಮೇಲೆ ಕೆಲವು ದಿನ ಖಾಲಿ, ಅದರ ನಂತರದ ರಾತ್ರಿಗೆ ಲೆಕ್ಕದ ಪ್ರಕಾರ ನೀಲಿ ನಕ್ಷತ್ರ ಪೂರ್ತಿ ಮರೆಯಾಗಿರಬೇಕು. ಇಳಿಯುವ ಭಾಗ ಒಂದೂವರೆ ದಿನದಷ್ಟೇ ಇರುವುದು, ಅದು ಕೈತಪ್ಪಿತು.

ಮಾರ್ಚ್ ಮೊದಲ ವಾರ ಆಕೆ ಆವರೆಗಿನದ್ದನ್ನೆಲ್ಲ ಅಳೆದು ಗ್ರಾಫ್ ಹಾಕಿದಳು. ಗ್ರಹಣವೇ ಇರಲಿಲ್ಲ. ಚುಕ್ಕೆಗಳು ಮೇಲೆ ಕೆಳಗೆ ಚದುರಿದ್ದವು, ಆ ಚದುರುವಿಕೆಯೇ ನಿರೀಕ್ಷೆಯ ಇಳಿಕೆಗಿಂತ ಜಾಸ್ತಿ. ಆಕೆಗೆ ಬೇಸರ ಆಯಿತು. ‘ನಮ್ಮ ಸಲಕರಣೆಗೆ ಗ್ರಹಣ ಕಾಣಲಿಲ್ಲ’ ಎಂದು ಬರೆದು ಮುಗಿಸಬಹುದೇ ಎಂದು ಕೇಳಿದಳು. ಮಾರ್ಗದರ್ಶಕರು ಅದಕ್ಕೆ ಒಪ್ಪಲು ತಯಾರಿದ್ದರು.

ಇಡೀ ಪ್ರಕರಣದ ನಡುಗಂಟು ಇದು. ಕಾಣಲಿಲ್ಲ ಎಂದು ಬರೆಯುವುದರಲ್ಲಿ ತಪ್ಪಿಲ್ಲ. ಆದರೆ ಯಾಕೆ ಕಾಣಲಿಲ್ಲ ಎನ್ನುವುದು ಗೊತ್ತಿರದೆ ಹಾಗೆ ಬರೆದರೆ ಅದು ಫಲಿತಾಂಶ ಆಗುವುದಿಲ್ಲ. ಆದ್ದರಿಂದ ಗ್ರಾಫ್ ಬದಿಗಿಟ್ಟು ಚಿತ್ರಗಳ ಒಳಗೆ ಹೋಗಿ ನೋಡೋಣ ಎಂದೆ.

ಒಂದು ಜನವರಿ ಚಿತ್ರದಲ್ಲಿ ಈಟಾದ ಸುತ್ತಲಿನ ಪಿಕ್ಸೆಲ್‌ಗಳ ಅಂಕಿಗಳನ್ನು ಪರದೆಯ ಮೇಲೆ ಸಾಲಾಗಿ ತೆರೆದೆವು. 14 ಬಿಟ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಅಂಕಿ 16,383 ದಾಟಲು ಸಾಧ್ಯವಿಲ್ಲ. ಈಟಾದ ನಡುವಿನ ಪಿಕ್ಸೆಲ್‌ಗಳು ಆ ಮಿತಿಗೆ ತಲೆ ತಾಗಿಸಿ ನಿಂತಿದ್ದವು. ಈಟಾ ಮ್ಯಾಗ್ನಿಟ್ಯೂಡ್ 3.2ರ ಆಸುಪಾಸಿನ ನಕ್ಷತ್ರ, ಝೀಟಾಗಿಂತ ಪ್ರಕಾಶ ಜಾಸ್ತಿ. ಫೋಕಸ್ ಚುರುಕಾಗಿದ್ದಷ್ಟೂ ಅದರ ಬೆಳಕು ಕೆಲವೇ ಪಿಕ್ಸೆಲ್‌ಗಳ ಮೇಲೆ ಬಿದ್ದು ತುಂಬಿ ಹೋಗುತ್ತದೆ, ಹೆಚ್ಚಿನದ್ದು ದಾಖಲಾಗುವುದೇ ಇಲ್ಲ. ಫೋಕಸ್ ದಿನಕ್ಕೊಂದು ರೀತಿ ಇದ್ದುದರಿಂದ ಕಳೆದುಹೋದ ಬೆಳಕೂ ದಿನಕ್ಕೊಂದು ರೀತಿ. ಅಳತೆಗೋಲೇ ದಿನಕ್ಕೊಂದು ಉದ್ದ ಆದಂತಾಯಿತು.

ಅದೇ ಸಂಜೆ ತಾರಸಿಯಲ್ಲಿ ಲೆನ್ಸ್‌ನ ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ ಬೇಕೆಂದೇ ಮಸುಕು ಮಾಡಿದೆವು. ನಕ್ಷತ್ರಗಳು ಚುಕ್ಕೆಯಿಂದ ಪುಟ್ಟ ಬಿಲ್ಲೆಗಳಾದವು. ಬೆಳಕು ತುಂಬಾ ಪಿಕ್ಸೆಲ್‌ಗಳಿಗೆ ಹಂಚಿಹೋಯಿತು, ಯಾವುದೂ ಮಿತಿ ಮುಟ್ಟಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ಈಟಾದ ಬಿಲ್ಲೆ ನೀಲಿ ಬಿಳುಪು. ಪಕ್ಕದ ಝೀಟಾದ ಬಿಲ್ಲೆ ಕಡು ಕಿತ್ತಳೆ. ಚುರುಕು ಫೋಕಸ್‌ನಲ್ಲಿ ಎರಡೂ ಬಿಳಿ ಚುಕ್ಕೆಗಳಾಗಿದ್ದವು. ಆಕೆ ತಕ್ಷಣ ಕೇಳಿದಳು, ‘ಮರೆಯಾಗಿರುವುದು ನೀಲಿ ನಕ್ಷತ್ರ ತಾನೆ? ಹಾಗಾದರೆ ನಾವು ಹಸಿರಿನಲ್ಲಿ ಯಾಕೆ ಹುಡುಕುತ್ತಿದ್ದೇವೆ?’

ಈ ಪ್ರಶ್ನೆ ಆಕೆಯದ್ದೇ, ಪ್ರಾಜೆಕ್ಟ್ ಉಳಿದದ್ದೂ ಅದರಿಂದಲೇ. ಕ್ಯಾಮೆರಾದ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಳು ಮೊದಲೇ ಇರುತ್ತವೆ. ಹವ್ಯಾಸಿಗಳು ಹಸಿರನ್ನು ಬಳಸುವುದು ವಾಡಿಕೆ. ಖಗೋಳದಲ್ಲಿ ಎಲ್ಲರೂ ಬಳಸುವ, ‘ವಿ’ ಎಂಬ ಹಸಿರು–ಹಳದಿ ಬೆಳಕಿನ ಅಳತೆಗೆ ಅದು ಹತ್ತಿರ. ಬೇರೆ ನಕ್ಷತ್ರಗಳಿಗೆ ಅದು ಸರಿ. ಝೀಟಾದಲ್ಲಿ ಮಾತ್ರ ದೈತ್ಯ ಹಸಿರು, ಕೆಂಪಿನಲ್ಲಿ ಎಷ್ಟು ಬೆಳಗುತ್ತದೆಂದರೆ ಚಿಕ್ಕದು ಇದ್ದರೂ ಇಲ್ಲದಿದ್ದರೂ ದೊಡ್ಡ ವ್ಯತ್ಯಾಸ ಇಲ್ಲ. ನೀಲಿಗೆ ಬಂದರೆ ಚಿಕ್ಕದರ ಪಾಲು ಒಟ್ಟು ಬೆಳಕಿನಲ್ಲಿ ಗಣನೀಯ. ನೇರಳಾತೀತದಲ್ಲಿ ಇನ್ನೂ ಜಾಸ್ತಿ, ಆದರೆ ನಮ್ಮ ಲೆನ್ಸ್ ಅದನ್ನು ಒಳಗೆ ಬಿಡುವುದಿಲ್ಲ.

ನೀಲಿಗೆ ಅದರದ್ದೇ ಕಷ್ಟಗಳಿವೆ. ಮಬ್ಬು ಮೊದಲು ತಿನ್ನುವುದು ನೀಲಿಯನ್ನೇ. ಹುಣ್ಣಿಮೆಯ ಆಕಾಶವೂ ನೀಲಿಯಲ್ಲೇ ಜಾಸ್ತಿ ಬೆಳಗುತ್ತದೆ. ಮಾರ್ಚ್ 14ಕ್ಕೆ ಹುಣ್ಣಿಮೆ ಇತ್ತು. ಇಲ್ಲಿ ಇನ್ನೊಂದು ನಿರ್ಧಾರ ಬೇಕಾಯಿತು. ಈ ಗ್ರಹಣದ ತಳ ಸಪಾಟು. ಚಿಕ್ಕ ನಕ್ಷತ್ರ ಪೂರ್ತಿ ಮರೆಯಾದ ಮೇಲೆ ಐದು ವಾರದಷ್ಟು ಕಾಲ ಬೆಳಕಿನಲ್ಲಿ ಹೆಚ್ಚು ಬದಲಾವಣೆ ಇಲ್ಲ. ಆದ್ದರಿಂದ ಹುಣ್ಣಿಮೆ ಸುತ್ತಲಿನ ರಾತ್ರಿಗಳಲ್ಲಿ ಸುಮ್ನೆ ಒದ್ದಾಡುವುದು ಬೇಡ, ಆ ಸಮಯದಲ್ಲಿ ಹಳೆಯ ಚಿತ್ರಗಳನ್ನು ಮರು ಅಳೆಯೋಣ, ಶಕ್ತಿಯನ್ನೆಲ್ಲ ಮಾರ್ಚ್ ಕೊನೆಗೆ ಇಡೋಣ ಎಂದು ತೀರ್ಮಾನಿಸಿದೆವು. ಆಗ ಅಮಾವಾಸ್ಯೆ, ಆಕಾಶ ಕಪ್ಪು.

ಮರು ಅಳತೆಯಲ್ಲಿ ನೋವಿನ ಸಂಗತಿ ಹೊರಬಂತು. ಜನವರಿ, ಫೆಬ್ರವರಿಯ ಚಿತ್ರಗಳಲ್ಲಿ ಹೆಚ್ಚಿನವು ತುಂಬಿಹೋದ ಈಟಾದಿಂದಾಗಿ ಕೆಲಸಕ್ಕೆ ಬಾರವು. ಅವನ್ನು ಸರಿಪಡಿಸಲು ದಾರಿಯೂ ಇಲ್ಲ. ಗ್ರಹಣಕ್ಕೆ ಮೊದಲಿನ ಬೆಳಕಿನ ಮಟ್ಟ ಅಲ್ಲಿಗೆ ಹೆಚ್ಚುಕಡಿಮೆ ಕೈಬಿಟ್ಟಂತೆ. ಲ್ಯಾಂಬ್ಡಾ ಮ್ಯಾಗ್ನಿಟ್ಯೂಡ್ 4.7ರ ನಕ್ಷತ್ರ, ಅದು ತುಂಬಿರಲಿಲ್ಲ. ಆದರೆ ಮೂರು ಡಿಗ್ರಿಗೂ ದೂರ, ಮಬ್ಬಿನ ಪರಿಣಾಮ ಪೂರ್ತಿ ಕಳೆಯುವುದಿಲ್ಲ. ಲ್ಯಾಂಬ್ಡಾ ಇಟ್ಟುಕೊಂಡು ಕೆಲವು ರಾತ್ರಿಗಳನ್ನು ಉಳಿಸಿಕೊಂಡಳು, ಅಳತೆ ಎಷ್ಟು ತಪ್ಪಿರಬಹುದು ಎಂದು ತೋರಿಸುವ ದೋಷದ ಗೆರೆ ಉದ್ದ ಇಟ್ಟು.

ಮಾರ್ಚ್ 30 ಚಾಂದ್ರಮಾನ ಯುಗಾದಿ. ಗ್ರಹಣ ಬಿಡುವುದು ಅದರ ಆಸುಪಾಸು. ಆ ದಿನಗಳಲ್ಲಿ ಘಟ್ಟದ ಕಡೆಯಿಂದ ಮೋಡ ಬಂತು, ಪಡುವಣದಲ್ಲಿ ಮಬ್ಬು. ತೆಗೆದ ಚಿತ್ರಗಳಲ್ಲಿ ಕೆಲವು ಬಿಲ್ಲೆಗಳು ಅರ್ಧ ಮೋಡದೊಳಗೆ. ಏಪ್ರಿಲ್ ಮೊದಲ ವಾರದಲ್ಲಿ ಆಕಾಶ ಬಿಟ್ಟಾಗ ನೀಲಿ ಅಳತೆ ಮೇಲೆ ಬಂದಿತ್ತು. ಏರುವ ಭಾಗವೂ ಸಿಗಲಿಲ್ಲ. ಆದರೆ ಏರಿದೆ ಎನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ನೀಲಿಯಲ್ಲಿನ ಜಿಗಿತ ಹಸಿರಿನದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, ಚದುರುವಿಕೆಗಿಂತ ಎಷ್ಟೋ ದೊಡ್ಡದು.

ಎಲ್ಲರೂ ಇನ್ನು ಮುಗಿಯಿತು ಎಂದುಕೊಂಡರು. ಗ್ರಹಣ ಮುಗಿದ ಮೇಲೆ ಇನ್ನು ತೆಗೆಯುವುದೇನು? ಕೆಡದ ಜನವರಿ ರಾತ್ರಿಗಳು ಇಲ್ಲದಿರುವಾಗ ಏಪ್ರಿಲ್ ರಾತ್ರಿಗಳೇ ನಮ್ಮ ಆಧಾರ ಎಂದು ನಾನು ಒತ್ತಾಯ ಮಾಡಿದೆ. ಬಿಸು ಹಬ್ಬದವರೆಗೂ ಆಕೆ ಬಿಡಲಿಲ್ಲ. ನಕ್ಷತ್ರ ದಿನದಿನಕ್ಕೆ ಕೆಳಗಿಳಿಯುತ್ತಿತ್ತು, ಸಂಜೆ ಗುಡುಗು ಮೋಡ ಶುರುವಾಗಿತ್ತು, ಸಿಕ್ಕ ಅರ್ಧ ಗಂಟೆಯಲ್ಲಿ ತೆಗೆದಳು. ಏನೂ ನಡೆಯದ ಈ ರಾತ್ರಿಗಳಲ್ಲಿ ಆಕೆ ಕೂತದ್ದೇ ಈ ಪ್ರಾಜೆಕ್ಟ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಮೂಡಿಸಿದ ಕೆಲಸ. ಗ್ರಾಫ್‌ನ ಮೇಲಿನ ಮಟ್ಟ ನಿಂತಿರುವುದು ಅವುಗಳ ಮೇಲೆಯೇ. ಅದು ಇಲ್ಲದೆ ತಳ ಎಷ್ಟು ಆಳ ಎಂದು ಹೇಳಲು ಆಗುತ್ತಿರಲಿಲ್ಲ.

ಫಲಿತಾಂಶ ಮತ್ತು ಅದರ ಪಾಠ

ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳಿದ್ದೇ ಇಳಿಜಾರು ಎಲ್ಲಿ ಎಂದು. ಇಳಿಯುವ ಭಾಗಕ್ಕೂ ಏರುವ ಭಾಗಕ್ಕೂ ಚುಕ್ಕೆಗಳಿಲ್ಲದ ಗ್ರಾಫ್ ಅದು. ಆಕೆ ತಡವರಿಸಲಿಲ್ಲ. ಗ್ರಹಣ ಈ ರಾತ್ರಿಗೂ ಆ ರಾತ್ರಿಗೂ ನಡುವೆ ಶುರುವಾಗಿದೆ, ಈ ರಾತ್ರಿಗೂ ಆ ರಾತ್ರಿಗೂ ನಡುವೆ ಮುಗಿದಿದೆ, ಇದಕ್ಕಿಂತ ನಿಖರವಾಗಿ ನನ್ನ ಚಿತ್ರಗಳು ಹೇಳುವುದಿಲ್ಲ ಎಂದಳು. ಖಾಲಿ ಜಾಗಕ್ಕೆ ಗೆರೆ ಎಳೆದು ತುಂಬಿಸಿರಲಿಲ್ಲ. ವರದಿ ಅಂಗೀಕಾರ ಆಯಿತು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕೆಲಸ ಮಾಡಿದ ನಿರ್ಧಾರಗಳು ಎರಡು. ಒಂದು, ಪ್ರಸಿದ್ಧ ನಕ್ಷತ್ರ ಬಿಟ್ಟು ಈ ವರ್ಷ ಈ ಊರಿನಲ್ಲಿ ಗ್ರಹಣ ಕಾಣುವ ನಕ್ಷತ್ರ ಹಿಡಿದದ್ದು. ಎರಡು, ವಾಡಿಕೆಯ ಹಸಿರು ಬಿಟ್ಟು ನೀಲಿಗೆ ಹೋದದ್ದು. ಎರಡನೆಯದು ಭೌತಶಾಸ್ತ್ರದಿಂದ ಬಂದ ನಿರ್ಧಾರ, ಸಾಫ್ಟ್‌ವೇರ್‌ನಿಂದ ಬಂದದ್ದಲ್ಲ. ಯಾವ ನಕ್ಷತ್ರ ಮರೆಯಾಗುತ್ತಿದೆ, ಅದರ ಬಣ್ಣ ಯಾವುದು ಎಂದು ಮೊದಲ ದಿನವೇ ಕೇಳಿಕೊಂಡವರಿಗೆ ಒಂದು ತಿಂಗಳು ಉಳಿಯುತ್ತದೆ. ಕೈಕೊಟ್ಟದ್ದು ಮೊದಲ ರಾತ್ರಿಯ ಚಿತ್ರಗಳನ್ನು ಅಂದೇ ತೆರೆದು ಪಿಕ್ಸೆಲ್ ಅಂಕಿ ನೋಡದೇ ಇದ್ದದ್ದು. ಅದು ಹತ್ತು ನಿಮಿಷದ ಕೆಲಸ.

ಮಾರ್ಗದರ್ಶಕರಿಗೂ ಒಂದು ಮಾತು. ಉದ್ದ ಅವಧಿಯ ನಕ್ಷತ್ರವನ್ನು ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಎಂದು ನೋಡಿದರೆ ಅದು ಯಾವಾಗಲೂ ಅರ್ಧವೇ. ವಿಭಾಗದ ಕೆಲಸ ಎಂದು ನೋಡಿದರೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯಬಹುದು. 1911ರಿಂದ ಬದಲಾಗುವ ನಕ್ಷತ್ರಗಳ ದಾಖಲೆ ಕೂಡಿಡುತ್ತಿರುವ ಅಮೆರಿಕದ ಎಎವಿಎಸ್ಒ ಸಂಘಕ್ಕೆ ಹವ್ಯಾಸಿಗಳ ಅಳತೆ ಕಳುಹಿಸಬಹುದು. ಡಿಎಸ್ಎಲ್ಆರ್ ಅಳತೆಗೆ ಅವರ ಕೈಪಿಡಿ ಉಚಿತವಾಗಿ ಸಿಗುತ್ತದೆ. ಆಕೆ ತೆಗೆದ ಪ್ರತಿ ಚೌಕಟ್ಟಿನಲ್ಲೂ ಎಪ್ಸಿಲಾನ್ ಕೂಡ ಇದೆ. ಗ್ರಹಣ ಇಲ್ಲದಾಗಲೂ ಅದರ ಬೆಳಕು ಸ್ವಲ್ಪ ಏರಿಳಿಯುತ್ತದೆ, 2036ಕ್ಕೆ ಆ ದಾಖಲೆ ಬೇಕಾಗುತ್ತದೆ. ಹಾಗಾಗಿ ಕಚ್ಚಾ ಫೈಲ್‌ಗಳನ್ನು ಅಳಿಸದೆ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟಿದ್ದೇವೆ.

ಝೀಟಾದ ಮುಂದಿನ ಗ್ರಹಣದ ನಡುಭಾಗ 2027ರ ನವೆಂಬರ್ ಎರಡನೇ ವಾರದ ಹೊತ್ತಿಗೆ. ಶುರುವಾಗುವುದು ಅಕ್ಟೋಬರ್ 20ರ ಆಸುಪಾಸು. ಆಗ ನಮ್ಮಲ್ಲಿ ಸಂಜೆ ಗುಡುಗು ಮಳೆ ಇರುತ್ತದೆ, ನಕ್ಷತ್ರವೂ ತಡವಾಗಿ ಮೂಡುತ್ತದೆ. ಆದ್ದರಿಂದ ಬೆಳಗಿನ ಜಾವ ಮೂರರಿಂದ ಐದರವರೆಗೆ ತೆಗೆಯುವ ಯೋಜನೆ. ದೀಪಾವಳಿಯ ಹೊಗೆ ಸಪಾಟು ತಳದ ದಿನಗಳಲ್ಲಿ ಬೀಳುತ್ತದೆ, ಅದರಿಂದ ನಷ್ಟವಿಲ್ಲ. ನವೆಂಬರ್ ಕೊನೆಯಲ್ಲಿ ಗ್ರಹಣ ಬಿಡುವಾಗ ಆಕಾಶ ಒಳ್ಳೆಯದಿರುತ್ತದೆ. ಒಂದೇ ತಾರಸಿಯನ್ನು ನಂಬಿ ಕೂರುವ ಬದಲು ಉಡುಪಿ, ಮಂಗಳೂರು, ಘಟ್ಟದ ಮೇಲೆ ಒಂದು ಕಡೆ ಹೀಗೆ ಮೂರು ಕ್ಯಾಮೆರಾ ಇದ್ದರೆ ಆ ಒಂದೂವರೆ ದಿನದ ಇಳಿಜಾರು ಯಾರಿಗಾದರೂ ಸಿಗುವ ಸಾಧ್ಯತೆ ಜಾಸ್ತಿ. ಮಂಗಳೂರಿನಿಂದ ಇಬ್ಬರು ಆಗಲೇ ಒಪ್ಪಿದ್ದಾರೆ. ಫೋಕಸ್ ಎಷ್ಟು ಮಸುಕಿರಬೇಕು, ಎಕ್ಸ್‌ಪೋಶರ್ ಎಷ್ಟು, ಈಟಾದ ಅಂಕಿ ಎಲ್ಲಿ ನಿಲ್ಲಬೇಕು ಎಂದು ವಿದ್ಯಾರ್ಥಿನಿ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದಾಳೆ. ಆಧಾರದ ರಾತ್ರಿಗಳನ್ನು 2027ರ ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗಲೇ ಶುರು ಮಾಡಬೇಕು ಎಂದು ಅದರ ಮೊದಲ ಸಾಲಿನಲ್ಲಿದೆ.